ಮುಖವಾಡವನ್ನು ತುಂಡು ಮಾಡಿದ ಡಿಕ್ ಸ್ಮಿತ್

1973ರ 'ದಿ ಎಕ್ಸಾರ್ಸಿಸ್ಟ್' ನೋಡಿದವರು ಆ ಹುಡುಗಿಯ ಮುಖವನ್ನು ಮರೆಯುವುದಿಲ್ಲ. ಬಿರಿದ ತುಟಿ, ಕೆನ್ನೆ ತುಂಬ ಗಾಯ, ಬಣ್ಣಗೆಟ್ಟ ಚರ್ಮ. ಎಷ್ಟೋ ಜನರ ನಿದ್ದೆ ಕೆಡಿಸಿದ ಮುಖ ಅದು. ಆದರೆ ಅದೇ ಸಿನಿಮಾದಲ್ಲಿ ಅದಕ್ಕಿಂತ ಕಷ್ಟದ ಮೇಕಪ್ ಇನ್ನೊಂದಿದೆ. ಅದು ಮೇಕಪ್ ಅಂತಲೇ ಯಾರಿಗೂ ಹೊಳೆಯುವುದಿಲ್ಲ. ದೆವ್ವ ಬಿಡಿಸಲು ಬರುವ ಮುದಿ ಪಾದ್ರಿ ಇದ್ದಾರಲ್ಲ, ಆ ಪಾತ್ರ ಮಾಡಿದ ಮ್ಯಾಕ್ಸ್ ವಾನ್ ಸಿಡೋ ಅವರಿಗೆ ಆಗ ವಯಸ್ಸು 44ರ ಆಸುಪಾಸು. ತೆರೆಯ ಮೇಲೆ ಕಂಡದ್ದು ಎಪ್ಪತ್ತು ದಾಟಿದ, ಮಾತ್ರೆ ನುಂಗಲು ಕೈ ನಡುಗುವ ಹಿರಿಯ. ಆ ನಟ ನಿಜವಾಗಿಯೂ ಅಷ್ಟು ಮುದುಕ ಅಂತ ನಂಬಿದವರೇ ಜಾಸ್ತಿ.

ಎರಡೂ ಮುಖ ಒಬ್ಬರದೇ ಕೈಕೆಲಸ. ಹೆಸರು ಡಿಕ್ ಸ್ಮಿತ್. ಹಾಲಿವುಡ್‌ನ ಮೇಕಪ್ ಕಲಾವಿದರು ಇವರನ್ನು ಗುರು ಅಂತ ಒಪ್ಪಿಕೊಂಡಿದ್ದಾರೆ. ದೆವ್ವದ ಮೇಕಪ್‌ಗಿಂತ ಮುದುಕನ ಮೇಕಪ್ ಕಷ್ಟ ಅಂದೆನಲ್ಲ, ಅದಕ್ಕೆ ಕಾರಣ ಸರಳ. ದೆವ್ವವನ್ನು ಯಾರೂ ನೋಡಿಲ್ಲ. ಹೇಗೆ ಮಾಡಿದರೂ ನಡೆಯುತ್ತದೆ. ಮುದುಕರನ್ನು ನಾವು ದಿನಾ ನೋಡುತ್ತೇವೆ. ಚೂರು ತಪ್ಪಾದರೂ ಕಣ್ಣಿಗೆ ಕಟ್ಟಿಬಿಡುತ್ತದೆ.

ಸ್ಮಿತ್ ಮಾಡಿದ ಕೆಲಸ ಅರ್ಥವಾಗಬೇಕಾದರೆ ಮೊದಲು ಒಂದು ಪ್ರಶ್ನೆ ಬಿಡಿಸಿಕೊಳ್ಳಬೇಕು. ಒಬ್ಬ ಯುವಕನನ್ನು ಮುದುಕನನ್ನಾಗಿ ಮಾಡುವುದರಲ್ಲಿ ಅಂಥದ್ದೇನು ಕಷ್ಟ?

ಗೆರೆ ಎಳೆದರೆ ಸಾಕಾಗದು

ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ತಾತನ ಪಾತ್ರ ಅಂದರೆ ಹಣೆಗೆ ನಾಲ್ಕು ಕಪ್ಪು ಗೆರೆ, ತಲೆಗೊಂದಿಷ್ಟು ಪೌಡರ್, ಕೈಗೊಂದು ಕೋಲು. ರಂಗದ ಮೇಲೆ ಅದು ನಡೆಯುತ್ತದೆ. ನೋಡುವವರು ದೂರ ಕೂತಿರುತ್ತಾರೆ, ಬೆಳಕು ಎದುರಿನಿಂದ ಬೀಳುತ್ತದೆ. ಕ್ಯಾಮೆರಾ ಹಾಗಲ್ಲ. ಅದು ಮೂಗಿನ ಹತ್ತಿರವೇ ಬಂದು ನಿಲ್ಲುತ್ತದೆ. ನಟ ತಲೆ ಹೊರಳಿಸಿದ ಕೂಡಲೇ ಬೆಳಕು ಬೀಳುವ ದಿಕ್ಕು ಬದಲಾಗುತ್ತದೆ, ಬರೆದ ನೆರಳು ಮಾತ್ರ ಅಲ್ಲೇ ಉಳಿಯುತ್ತದೆ. ಬಣ್ಣ ಬಯಲಾಗುವುದು ಆಗಲೇ.

ಯಾಕೆಂದರೆ ಸುಕ್ಕು ಗೆರೆಯಲ್ಲ, ತಗ್ಗು ಮತ್ತು ಉಬ್ಬು. ವಯಸ್ಸಾದಂತೆ ಕೆನ್ನೆಯ ಕೊಬ್ಬು ಕರಗಿ ಕೆಳಗಿಳಿಯುತ್ತದೆ. ಕಣ್ಣಿನ ಕೆಳಗೆ ಚೀಲ ಜೋಲುತ್ತದೆ. ಮೂಗಿನ ತುದಿ ಬಾಗುತ್ತದೆ. ಕಿವಿ ಉದ್ದವಾದಂತೆ ಕಾಣುತ್ತದೆ. ತುಟಿ ತೆಳುವಾಗುತ್ತದೆ. ಅಂದರೆ ಮುಖದ ಆಕಾರವೇ ಬದಲಾಗುತ್ತದೆ. ಆಕಾರ ಬದಲಾಗಬೇಕಾದರೆ ಮುಖದ ಮೇಲೆ ಏನನ್ನಾದರೂ ಅಂಟಿಸಬೇಕು.

ಇಲ್ಲೇ ಇನ್ನೊಂದು ತೊಡಕಿದೆ. ಮೇಕಪ್‌ನಲ್ಲಿ ಸೇರಿಸಬಹುದು, ಕಳೆಯಲಾಗದು. ನಟನ ಕೆನ್ನೆ ತುಂಬಿಕೊಂಡಿದ್ದರೆ ಅದನ್ನು ಕೆತ್ತಿ ತೆಗೆಯಲು ಸಾಧ್ಯವೇ? ಗುಳಿಬಿದ್ದ ಕೆನ್ನೆ ಬೇಕೆಂದರೆ ಅದರ ಸುತ್ತಲಿನ ಮೂಳೆಯ ಭಾಗವನ್ನು ಎತ್ತರಿಸಬೇಕು. ಆಗ ನಡುವಿನದು ತಗ್ಗಿದಂತೆ ಕಾಣುತ್ತದೆ. ಹಾಗೆ ಸೇರಿಸುತ್ತಾ ಹೋದರೆ ತಲೆಯೇ ದಪ್ಪವಾಗಿ ಕುಂಬಳಕಾಯಿ ಆಗುವ ಅಪಾಯ. ಎಲ್ಲಿ ಎಷ್ಟು ಸೇರಿಸಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲೇ ಈ ಕೆಲಸದ ಅರ್ಧ ಜಾಣತನ ಇದೆ.

ಉಳಿದ ಅರ್ಧ ಚಲನೆಯದು. ಅಂಟಿಸಿದ ಮೇಲೆ ನಟ ಮಾತಾಡಬೇಕು, ನಗಬೇಕು, ಅಳಬೇಕು. ಮುಖದ ಸ್ನಾಯು ಕದಲಿದಷ್ಟೂ ಮೇಲಿನ ಹೊದಿಕೆಯೂ ಕದಲಬೇಕು. ಇಲ್ಲದಿದ್ದರೆ ನಟ ಒಳಗೆ ಎಷ್ಟೇ ಒದ್ದಾಡಿದರೂ ಹೊರಗೆ ಕಾಣುವುದು ರಬ್ಬರ್ ಗೊಂಬೆ.

ಹಲ್ಲಿನ ಡಾಕ್ಟರ್ ಆಗಬೇಕಿದ್ದ ಹುಡುಗ

ರಿಚರ್ಡ್ ಎಮರ್ಸನ್ ಸ್ಮಿತ್ ಹುಟ್ಟಿದ್ದು 1922ರ ಜೂನ್ 26ರಂದು, ನ್ಯೂಯಾರ್ಕ್ ರಾಜ್ಯದ ಲಾರ್ಚ್‌ಮಾಂಟ್ ಎಂಬ ಊರಿನಲ್ಲಿ. ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ದಂತವೈದ್ಯನಾಗುವ ಯೋಚನೆಯಿಂದ. ಅಲ್ಲಿ ಪುಸ್ತಕದಂಗಡಿಯಲ್ಲಿ ನಾಟಕದ ಮೇಕಪ್ ಬಗ್ಗೆ ಒಂದು ಪುಸ್ತಕ ಕಣ್ಣಿಗೆ ಬಿತ್ತು. ಅಲ್ಲಿಗೆ ಡಾಕ್ಟರಿಕೆ ಹಳ್ಳ ಹಿಡಿಯಿತು. ಸಿನಿಮಾದ ರಾಕ್ಷಸರ ಹಾಗೆ ತಾನೇ ಬಣ್ಣ ಹಚ್ಚಿಕೊಂಡು ರಾತ್ರಿ ಹೊತ್ತು ಜೊತೆಯ ಹುಡುಗರನ್ನು ಹೆದರಿಸುವುದು ಶುರುವಾಯಿತು.

ಹಲ್ಲಿನ ವಿದ್ಯೆ ಪೂರ್ತಿ ಕೈಬಿಟ್ಟರೂ ಹಲ್ಲಿನ ಡಾಕ್ಟರುಗಳ ಸಾಮಾನು ಮಾತ್ರ ಇವರನ್ನು ಬಿಡಲಿಲ್ಲ. ಮುಂದೆ ಜೀವನವಿಡೀ ಅಚ್ಚು ತೆಗೆದದ್ದು ದಂತವೈದ್ಯರು ಬಳಸುವ ಪುಡಿಯಿಂದಲೇ. ಅದರ ವಿಷಯ ಸ್ವಲ್ಪ ಹೊತ್ತಿಗೆ ಬರುತ್ತದೆ.

ಸೇನೆಯಲ್ಲಿ ಸ್ವಲ್ಪ ಕಾಲ ಇದ್ದು ಬಂದ ಮೇಲೆ 1945ರಲ್ಲಿ ನ್ಯೂಯಾರ್ಕಿನ ಎನ್‌ಬಿಸಿ ಟೆಲಿವಿಷನ್ ಸೇರಿದರು. ಟೀವಿ ಆಗಿನ್ನೂ ಅಂಬೆಗಾಲಿಡುತ್ತಿದ್ದ ಕಾಲ. ಮೇಕಪ್ ವಿಭಾಗ ಕಟ್ಟಿದ್ದೇ ಇವರು. 14 ವರ್ಷ ಅದರ ಮುಖ್ಯಸ್ಥರಾಗಿದ್ದರು. ನಾಟಕಗಳೆಲ್ಲ ಆಗ ನೇರ ಪ್ರಸಾರ. ಒಂದು ದೃಶ್ಯದಲ್ಲಿ ಯುವಕ, ಜಾಹೀರಾತು ಮುಗಿದು ಬರುವಷ್ಟರಲ್ಲಿ ಮಧ್ಯವಯಸ್ಸು. ಕೈಯಲ್ಲಿರುವುದು ಕೆಲವೇ ನಿಮಿಷ. ಮೊದಲೇ ತಯಾರು ಮಾಡಿಟ್ಟ ತುಂಡುಗಳನ್ನು ಪಟಪಟನೆ ಅಂಟಿಸದೆ ಬೇರೆ ದಾರಿಯೇ ಇರಲಿಲ್ಲ. ಅವರ ಮುಂದಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಗರಡಿಮನೆ ಸಿಗುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಹಾಲಿವುಡ್‌ನಿಂದ ಸಾವಿರಾರು ಮೈಲಿ ದೂರದಲ್ಲಿದ್ದದ್ದೂ ಒಳ್ಳೆಯದೇ ಆಯಿತು. ಹೀಗೇ ಮಾಡಬೇಕು ಅಂತ ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಒಂದು ಮುಖ ಹೇಗೆ ತಯಾರಾಗುತ್ತದೆ

ಪ್ರಾಸ್ಥೆಟಿಕ್ ಮೇಕಪ್ ಅಂತ ಈಗ ನಾವು ಕರೆಯುವ ಕೆಲಸ ನಟ ಕುರ್ಚಿಯಲ್ಲಿ ಕೂರುವುದಕ್ಕೆ ವಾರಗಟ್ಟಲೆ ಮುಂಚೆಯೇ ಶುರುವಾಗಿರುತ್ತದೆ.

ಮೊದಲು ನಟನ ಮುಖದ ಅಚ್ಚು ತೆಗೆಯಬೇಕು. ಇದಕ್ಕೆ ಬಳಸುವುದು ಆಲ್ಜಿನೇಟ್. ಸಮುದ್ರದ ಪಾಚಿಯಿಂದ ಮಾಡುವ ಪುಡಿ. ಹಲ್ಲು ಕಟ್ಟಿಸಿಕೊಂಡವರಿಗೆ ಗೊತ್ತಿರುತ್ತದೆ, ಡಾಕ್ಟರ್ ಒಂದು ತಟ್ಟೆಯಲ್ಲಿ ತಣ್ಣಗಿನ ಹಿಟ್ಟಿನಂಥದ್ದನ್ನು ತುಂಬಿ ಕಚ್ಚಿ ಹಿಡಿಯಿರಿ ಅಂತಾರಲ್ಲ, ಅದೇ. ಅದನ್ನು ನೀರಲ್ಲಿ ಕಲಸಿ ನಟನ ಮುಖಕ್ಕೆಲ್ಲ ಮೆತ್ತುತ್ತಾರೆ. ಉಸಿರಾಡಲು ಮೂಗಿನ ಹೊಳ್ಳೆ ಮಾತ್ರ ತೆರೆದಿರುತ್ತದೆ. ಮೇಲೆ ಪ್ಲಾಸ್ಟರ್ ಪಟ್ಟಿ ಸುತ್ತಿ ಗಟ್ಟಿಯಾದ ಮೇಲೆ ಬಿಡಿಸಿ, ಒಳಗೆ ಪ್ಲಾಸ್ಟರ್ ಸುರಿದರೆ ನಟನ ಮುಖದ ತದ್ರೂಪು ಸಿಗುತ್ತದೆ. ರೆಪ್ಪೆ, ಚರ್ಮದ ರಂಧ್ರ ಸಮೇತ.

ಆ ಪ್ಲಾಸ್ಟರ್ ಮುಖದ ಮೇಲೆ ಜೇಡಿಮಣ್ಣಿನಲ್ಲಿ ಮುಪ್ಪನ್ನು ಕೆತ್ತುತ್ತಾರೆ. ಜೋತ ಗದ್ದ, ಕಣ್ಣಿನ ಚೀಲ, ಹಣೆಯ ಮಡಿಕೆ. ಇದು ಅಪ್ಪಟ ಶಿಲ್ಪಿಯ ಕೆಲಸ. ಬಳಿಕ ಅದಕ್ಕೂ ಒಂದು ಅಚ್ಚು. ಈಗ ಒಳಗಿನದು ನಟನ ಮುಖ, ಹೊರಗಿನದು ಮುದುಕನ ಮುಖ. ಮಣ್ಣು ತೆಗೆದುಹಾಕಿದರೆ ಎರಡರ ನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ. ಅಂಟಿಸಬೇಕಾದ ಚರ್ಮ ಬರುವುದು ಆ ಜಾಗಕ್ಕೆ.

ಆ ಚರ್ಮ ರಬ್ಬರ್ ಹಾಲಿನದು. ಸುಳ್ಯ, ಪುತ್ತೂರಿನ ಕಡೆ ಬೆಳಗಿನ ಜಾವ ಮರ ಕೆತ್ತಿ ಚಿಪ್ಪಿಗೆ ಇಳಿಸುತ್ತಾರಲ್ಲ, ಅದೇ ಬಿಳಿ ಹಾಲು. ಅದಕ್ಕೆ ನೊರೆ ಬರಿಸುವ, ಗಟ್ಟಿ ಮಾಡುವ ರಾಸಾಯನಿಕ ಬೆರೆಸಿ ಕೇಕ್ ಮಾಡುವವರ ಮಿಕ್ಸರ್‌ನಲ್ಲಿ ನೊರೆಯಾಗುವವರೆಗೆ ತಿರುಗಿಸುತ್ತಾರೆ. ಅಚ್ಚಿಗೆ ತುಂಬಿ ಓವನ್‌ನಲ್ಲಿ ಕಡಿಮೆ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಹೊರಗೆ ಬರುವುದು ಮೆತ್ತಗಿನ ಸ್ಪಂಜಿನಂಥ ರಬ್ಬರ್. ಇದರ ಹೆಸರು ಫೋಮ್ ಲೇಟೆಕ್ಸ್. ಹವೆಯಲ್ಲಿ ತೇವ ಸ್ವಲ್ಪ ಜಾಸ್ತಿ ಇದ್ದರೂ ಲೆಕ್ಕ ತಪ್ಪಿ ಇಡೀ ದಿನದ ಕೆಲಸ ಕಸದ ಬುಟ್ಟಿಗೆ ಹೋಗುತ್ತದೆ. ಸರಿಯಾಗಿ ಬಂದರೂ ಒಂದೇ ಸಲದ ಬಳಕೆ. ಸಂಜೆ ಬಿಚ್ಚುವಾಗ ಅಂಚು ಹರಿಯುತ್ತದೆ. ಶೂಟಿಂಗ್ ಎಷ್ಟು ದಿನವೋ ಅಷ್ಟು ಜೊತೆ ಬೇಕು.

ಇಲ್ಲಿಯವರೆಗೆ ಹೇಳಿದ್ದು ಸ್ಮಿತ್ ಕಂಡುಹಿಡಿದದ್ದಲ್ಲ. ಫೋಮ್ ಲೇಟೆಕ್ಸನ್ನು ಹಾಲಿವುಡ್ 1930ರ ದಶಕದ ಕೊನೆಗೇ ಬಳಸುತ್ತಿತ್ತು. ಆದರೆ ವಾಡಿಕೆ ಏನಿತ್ತೆಂದರೆ, ಇಡೀ ಮುಖಕ್ಕೆ ಒಂದೇ ಅಖಂಡ ಹೊದಿಕೆ. ಅಂಟಿಸುವುದು ಸುಲಭ, ಸೇರುವ ಅಂಚು ಕಡಿಮೆ. ತೊಂದರೆ ಏನೆಂದರೆ, ಹಣೆ ಎಳೆದರೆ ಗದ್ದವೂ ಎಳೆಯುತ್ತದೆ. ಮುಖವಾಡದ ಬಿಗಿತ ಬಂದುಬಿಡುತ್ತದೆ.

ಸ್ಮಿತ್ ಅದನ್ನು ತುಂಡು ಮಾಡಿದರು. ಹಣೆಗೊಂದು, ಮೂಗಿಗೊಂದು, ಎರಡು ಕೆನ್ನೆಗೆ ಎರಡು, ಮೇಲ್ತುಟಿಗೆ, ಗದ್ದಕ್ಕೆ, ಕುತ್ತಿಗೆಗೆ ಹೀಗೆ ಬೇರೆ ಬೇರೆ. ಮಾಡಿಗೆ ಮಂಗಳೂರು ಹೆಂಚು ಹೊದಿಸುವಾಗ ಒಂದರ ಅಂಚು ಇನ್ನೊಂದರ ಮೇಲೆ ಕೂರುತ್ತದಲ್ಲ, ಹಾಗೆ ಈ ತುಂಡುಗಳ ಅಂಚನ್ನೂ ಒಂದರ ಮೇಲೊಂದು ಕೂರಿಸಿದರು. ಅಂಚು ಕಾಗದಕ್ಕಿಂತ ತೆಳು. ಅಂಟು ಹಚ್ಚಿ ಒತ್ತಿದರೆ ಚರ್ಮದಲ್ಲಿ ಕರಗಿದಂತಾಗುತ್ತದೆ. ಈಗ ಪ್ರತಿ ತುಂಡೂ ತನ್ನ ಕೆಳಗಿನ ಸ್ನಾಯುವಿನ ಜೊತೆ ಮಾತ್ರ ಕದಲುತ್ತದೆ. ನಟ ನಕ್ಕರೆ ಕೆನ್ನೆಯಷ್ಟೇ ನಗುತ್ತದೆ, ಹಣೆ ಅದರ ಪಾಡಿಗೆ ಇರುತ್ತದೆ.

ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಆಗಿನ ಎಷ್ಟೋ ಕಸುಬುದಾರರು ಇದನ್ನು ಒಪ್ಪಲಿಲ್ಲ. ಒಂದೇ ಹೊದಿಕೆಯಲ್ಲಿ ಆಗುವ ಕೆಲಸಕ್ಕೆ ಇಷ್ಟೊಂದು ತುಂಡು ಯಾಕೆ ಅನ್ನುವ ಟೀಕೆ ಬಂತು. ಇವತ್ತು ಜಗತ್ತಿನಲ್ಲಿ ಎಲ್ಲೇ ಪ್ರಾಸ್ಥೆಟಿಕ್ ಮೇಕಪ್ ಕಲಿಸಲಿ, ಹೇಳಿಕೊಡುವುದು ಈ ತುಂಡುಗಳ ಪದ್ಧತಿಯನ್ನೇ.

121 ವರ್ಷದ ಡಸ್ಟಿನ್ ಹಾಫ್‌ಮನ್

ಈ ಪದ್ಧತಿಯ ತಾಕತ್ತು ಜಗತ್ತಿಗೆ ಕಂಡದ್ದು 1970ರ 'ಲಿಟ್ಲ್ ಬಿಗ್ ಮ್ಯಾನ್'ನಲ್ಲಿ. ಮೂವತ್ತರ ಹರೆಯದ ಡಸ್ಟಿನ್ ಹಾಫ್‌ಮನ್ ಅದರಲ್ಲಿ 121 ವರ್ಷದ ಮುದುಕ. ಕತೆ ಹೇಳುತ್ತಾ ಕೂರುವ ಪಾತ್ರ. ಕ್ಯಾಮೆರಾ ಹತ್ತಿರದಲ್ಲೇ ಇರುತ್ತದೆ, ಅವಿತುಕೊಳ್ಳಲು ಜಾಗವಿಲ್ಲ.

121 ವರ್ಷದವರನ್ನು ಸ್ಮಿತ್ ಆದರೂ ಎಲ್ಲಿ ನೋಡಿರುತ್ತಾರೆ? ಮುಪ್ಪಿನ ಲೆಕ್ಕವನ್ನೇ ಮುಂದುವರಿಸಿ ಊಹಿಸಬೇಕಾಯಿತು. ಅವರು ಮಾಡಿದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಕಣ್ಣಿನ ರೆಪ್ಪೆ. ಮೇಕಪ್‌ನಲ್ಲಿ ಕಣ್ಣೇ ಕೈಕೊಡುವ ಜಾಗ. ಎಷ್ಟೇ ಚೆನ್ನಾಗಿ ಮುಖ ಮಾಡಿದರೂ ನಡುವೆ ಇರುವುದು ಯುವಕನ ನುಣ್ಣಗಿನ ರೆಪ್ಪೆ. ಅದು ಮುಚ್ಚಿ ತೆರೆದಾಗೆಲ್ಲ ಗುಟ್ಟು ರಟ್ಟು. ಸ್ಮಿತ್ ರೆಪ್ಪೆಗೂ ಫೋಮ್ ಲೇಟೆಕ್ಸ್ ತುಂಡು ಮಾಡಿದರು. ಹಾಫ್‌ಮನ್ ಕಣ್ಣು ಮಿಟುಕಿಸಿದರೆ ಅದೂ ಮಡಚಿ ತೆರೆಯುತ್ತಿತ್ತು. ಬೇಕಿದ್ದರೆ ಆ ದೃಶ್ಯ ಹುಡುಕಿ, ಕಣ್ಣನ್ನಷ್ಟೇ ನೋಡಿ.

ಬ್ರ್ಯಾಂಡೊ ಬಾಯಿಯೊಳಗೆ

ಹಾಗಂತ ಸ್ಮಿತ್ ಎಲ್ಲದಕ್ಕೂ ರಬ್ಬರ್ ಅಂಟಿಸುತ್ತಿದ್ದರು ಅಂದುಕೊಳ್ಳಬೇಡಿ. 1972ರ 'ದಿ ಗಾಡ್‌ಫಾದರ್' ಇದಕ್ಕೆ ಸಾಕ್ಷಿ. ಮಾರ್ಲನ್ ಬ್ರ್ಯಾಂಡೊಗೆ ಆಗ 47 ವರ್ಷ. ಆಗಬೇಕಾದದ್ದು ಅರವತ್ತು ದಾಟಿದ ಡಾನ್. ಸ್ಮಿತ್ ಅಲ್ಲಿ ಮುಖ್ಯವಾಗಿ ಎರಡೇ ಕೆಲಸ ಮಾಡಿದರು.

ಒಂದು, ಬಾಯಿಯೊಳಗೆ. ಕೆಳಗಿನ ಹಲ್ಲಿಗೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಸಾಧನ, ಅದರ ಎರಡೂ ತುದಿಯಲ್ಲಿ ಗಟ್ಟಿ ಉಂಡೆ. ಹಾಕಿಕೊಂಡರೆ ದವಡೆ ಹೊರಗೆ ಉಬ್ಬಿ ಜೋತಂತೆ ಕಾಣುತ್ತದೆ. ಮಾಡಿಕೊಟ್ಟದ್ದು ಹಲ್ಲಿನ ಡಾಕ್ಟರೇ. ಬ್ರ್ಯಾಂಡೊ ಬಾಯಲ್ಲಿ ಹತ್ತಿ ತುರುಕಿಕೊಂಡು ನಟಿಸಿದರು ಅನ್ನುವ ಮಾತು ನೀವೂ ಕೇಳಿರಬಹುದು. ಅದು ಶುರುವಿನಲ್ಲಿ ಪಾತ್ರಕ್ಕಾಗಿ ಪರೀಕ್ಷೆ ಮಾಡಿ ನೋಡಿದಾಗಿನ ಕತೆ. ಸಿನಿಮಾದಲ್ಲಿ ಇದ್ದದ್ದು ಈ ಸಾಧನ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ದಿ ಮೂವಿಂಗ್ ಇಮೇಜ್‌ನಲ್ಲಿ ಅದನ್ನು ಇಟ್ಟಿದ್ದಾರೆ.

ಇನ್ನೊಂದು ಉಪಾಯ ಇನ್ನೂ ಸೊಗಸು. ನಟನ ಚರ್ಮವನ್ನು ಬೆರಳಲ್ಲಿ ಬಿಗಿಯಾಗಿ ಎಳೆದು ಹಿಡಿಯುವುದು. ಸ್ಪಂಜಿನ ತುದಿಯಿಂದ ರಬ್ಬರ್ ಹಾಲನ್ನು ತೆಳ್ಳಗೆ ತಟ್ಟುವುದು. ಎಳೆದು ಹಿಡಿದಂತೆಯೇ ಬಿಸಿಗಾಳಿಯಲ್ಲಿ ಒಣಗಿಸಿ ಪೌಡರ್ ಹಾಕುವುದು. ಆಮೇಲೆ ಕೈ ಬಿಡುವುದು. ಚರ್ಮ ಹಿಂದಕ್ಕೆ ಬರುತ್ತದೆ, ಒಣಗಿದ ರಬ್ಬರ್ ಮಡಚಿಕೊಳ್ಳುತ್ತದೆ. ನೂರಾರು ಸಣ್ಣ ಸುಕ್ಕು ತಾನಾಗಿಯೇ ಮೂಡುತ್ತದೆ. ಅದೂ ನಟನ ಚರ್ಮ ನಿಜವಾಗಿ ಎಲ್ಲಿ ಮಡಚುತ್ತದೋ ಅಲ್ಲೇ. ಎಷ್ಟು ಪದರ ಹಾಕುತ್ತೀರೋ ಅಷ್ಟು ವಯಸ್ಸು. ಓಲ್ಡ್ ಏಜ್ ಸ್ಟಿಪಲ್ ಅಂತ ಇದನ್ನು ಕರೆಯುತ್ತಾರೆ. ಓದಿದ ಉತ್ಸಾಹದಲ್ಲಿ ಮನೆಯಲ್ಲಿ ಮಾಡಲು ಹೋಗಬೇಡಿ. ರಬ್ಬರ್ ಹಾಲು ಕೆಲವರಿಗೆ ಅಲರ್ಜಿ, ಹುಬ್ಬಿಗೆ ತಗುಲಿದರೆ ಕೂದಲೂ ಕಿತ್ತು ಬರುತ್ತದೆ.

ಹೊಟ್ಟೆಯ ಮೇಲೆ ಮೂಡಿದ ಅಕ್ಷರ

ಮತ್ತೆ 'ದಿ ಎಕ್ಸಾರ್ಸಿಸ್ಟ್'ಗೆ ಬರೋಣ. ಹುಡುಗಿಯ ಪಾತ್ರ ಮಾಡಿದ ಲಿಂಡಾ ಬ್ಲೇರ್ ಆಗಿನ್ನೂ ಹದಿಮೂರರ ಆಸುಪಾಸಿನ ಮಗು. ಮೊದಮೊದಲು ಸ್ಮಿತ್ ಮಾಡಿದ ಮೇಕಪ್ ಭಯಂಕರವಾಗಿತ್ತು, ಆದರೆ ಹುಡುಗಿಯೇ ಕಾಣೆಯಾಗಿದ್ದಳು. ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಒಪ್ಪಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಒಂದು ಯೋಚನೆ: ಈ ಗಾಯಗಳನ್ನು ಹುಡುಗಿ ತಾನೇ ಪರಚಿಕೊಂಡು ಮಾಡಿಕೊಂಡದ್ದು, ಈಗ ಅವು ಕೊಳೆಯುತ್ತಿವೆ. ಅಲ್ಲಿಂದ ಮೇಕಪ್‌ಗೆ ಒಂದು ನ್ಯಾಯ ಸಿಕ್ಕಿತು. ಗಾಯ ಎಲ್ಲಿರಬೇಕು, ಯಾವ ದಿಕ್ಕಿಗಿರಬೇಕು ಅನ್ನುವುದೆಲ್ಲ ಉಗುರಿನ ಲೆಕ್ಕದಲ್ಲಿ ಬಂತು. ಆ ಮುಖ ಇವತ್ತಿಗೂ ಹೆದರಿಸುವುದು ಅದಕ್ಕೇ. ರಾಕ್ಷಸಿಯ ಹಿಂದೆ ಹುಡುಗಿ ಇನ್ನೂ ಕಾಣುತ್ತಾಳೆ.

ಅದರಲ್ಲಿ ಹುಡುಗಿಯ ಹೊಟ್ಟೆಯ ಚರ್ಮದ ಮೇಲೆ ಒಳಗಿನಿಂದಲೇ ಅಕ್ಷರಗಳು ಉಬ್ಬಿ ಬರುತ್ತವೆ, ಕಾಪಾಡಿ ಅಂತ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲ. ಹೇಗೆ ಮಾಡಿದರು? ಫೋಮ್ ಲೇಟೆಕ್ಸ್‌ಗೆ ಒಂದು ಗುಣವಿದೆ. ಕೆಲವು ದ್ರಾವಕ ತಗುಲಿದರೆ ಉಬ್ಬುತ್ತದೆ, ದ್ರಾವಕ ಆರಿದರೆ ಮೊದಲಿನಂತಾಗುತ್ತದೆ. ಸ್ಮಿತ್ ಹೊಟ್ಟೆಯ ಭಾಗವನ್ನು ಫೋಮ್‌ನಲ್ಲಿ ಮಾಡಿ, ಕುಂಚದಿಂದ ದ್ರಾವಕದಲ್ಲಿ ಅಕ್ಷರ ಬರೆದರು. ಉಬ್ಬಿತು. ಬಿಸಿಗಾಳಿ ಬಿಟ್ಟರೆ ನಿಧಾನಕ್ಕೆ ಇಳಿಯಿತು. ಅದನ್ನು ಚಿತ್ರೀಕರಿಸಿ ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದರು. ಇಳಿದದ್ದು ಏರಿದಂತೆ ಕಂಡಿತು. ಮೇಕಪ್ ಸಾಮಾನಿನ ಅವಗುಣವನ್ನೇ ಕೆಲಸಕ್ಕೆ ಹಚ್ಚಿದ ರೀತಿ ಇದು.

ಇನ್ನೂ ಬೇಕಾದಷ್ಟಿದೆ. 1976ರ 'ಟ್ಯಾಕ್ಸಿ ಡ್ರೈವರ್'ನಲ್ಲಿ ರಾಬರ್ಟ್ ಡಿ ನಿರೊ ತಲೆ ಬೋಳಿಸಿ ನಡುವೆ ಕೂದಲಿನ ಒಂದು ಪಟ್ಟಿ ಬಿಟ್ಟುಕೊಂಡದ್ದು ನೆನಪಿದೆಯಾ? ಅವರು ಬೋಳಿಸಿಕೊಂಡೇ ಇರಲಿಲ್ಲ. ಅದು ಸ್ಮಿತ್ ಅಂಟಿಸಿದ ಬೋಳುತಲೆ. ಸಿನಿಮಾದ ರಕ್ತಕ್ಕೂ ಅವರದೊಂದು ಪಾಕವಿದೆ. ಕಾರ್ನ್ ಸಿರಪ್‌ಗೆ ತಿಂಡಿಗೆ ಹಾಕುವ ಕೆಂಪು, ಹಳದಿ ಬಣ್ಣ ಬೆರೆಸಿ, ಕೊಂಚ ಜಿಂಕ್ ಆಕ್ಸೈಡ್ ಸೇರಿಸುವುದು. ಜಿಂಕ್ ಆಕ್ಸೈಡ್ ಹಾಕದಿದ್ದರೆ ಶರಬತ್ತಿನ ಹಾಗೆ ಪಾರದರ್ಶಕವಾಗಿ ಕಾಣುತ್ತದೆ, ರಕ್ತ ಹಾಗಿರುವುದಿಲ್ಲ ಅಲ್ವಾ? ರಬ್ಬರ್ ಮೇಲೆ ಹಚ್ಚಿದ ಬಣ್ಣ ಉದುರಬಾರದು ಅಂತ ಅಂಟಿಗೇ ಅಕ್ರಿಲಿಕ್ ಬಣ್ಣ ಬೆರೆಸಿ ಮಾಡಿದ್ದು ಇನ್ನೊಂದು. ಪ್ಯಾಕ್ಸ್ ಅನ್ನುವ ಹೆಸರಿನಲ್ಲಿ ಮೇಕಪ್ ಕಲಾವಿದರು ಈಗಲೂ ಅದನ್ನು ಬಳಸುತ್ತಾರೆ.

ಗುಟ್ಟು ಬಿಟ್ಟುಕೊಟ್ಟರು

ಇಷ್ಟೆಲ್ಲ ಮಾಡಿದವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದಿತ್ತು. ಆ ಕಾಲದ ರೂಢಿ ಅದೇ. ಪಾಕ ಗೊತ್ತಿದ್ದವನಿಗೆ ಕೆಲಸ, ಗೊತ್ತಿಲ್ಲದವನಿಗೆ ಇಲ್ಲ. ಹೊಟ್ಟೆಪಾಡಿನ ಲೆಕ್ಕದಲ್ಲಿ ಅದನ್ನು ತಪ್ಪು ಅನ್ನಲೂ ಆಗದು. ನಮ್ಮಲ್ಲಿ ನಾಟಿವೈದ್ಯದವರೂ ಬೇರಿನ ಹೆಸರು ಸುಲಭಕ್ಕೆ ಹೇಳುವುದಿಲ್ಲ.

ಸ್ಮಿತ್ ಕೇಳಿದವರಿಗೆಲ್ಲ ಹೇಳಿದರು. 1965ರಲ್ಲಿ ಮಕ್ಕಳಿಗಾಗಿ ರಾಕ್ಷಸರ ಮೇಕಪ್ ಕೈಪಿಡಿಯೊಂದನ್ನು ಹೊರತಂದರು. ಅಡುಗೆಮನೆಯಲ್ಲಿ, ಪಕ್ಕದ ಅಂಗಡಿಯಲ್ಲಿ ಸಿಗುವ ಸಾಮಾನಿನಿಂದಲೇ ಗಾಯ, ಸುಕ್ಕು, ಭೂತದ ಮುಖ ಮಾಡುವ ಬಗೆ ಅದರಲ್ಲಿತ್ತು. ಅಮೆರಿಕದ ಒಂದು ತಲೆಮಾರಿನ ಹುಡುಗರು ಅದನ್ನಿಟ್ಟುಕೊಂಡು ಅಮ್ಮಂದಿರ ಅಡುಗೆಮನೆ ಹಾಳು ಮಾಡಿದರು. ಮುಂದೆ ವೃತ್ತಿಯವರಿಗಾಗಿ ಅಂಚೆಯ ಮೂಲಕ ಪಾಠವನ್ನೂ ಶುರು ಮಾಡಿದರು. ಅಳತೆ, ಪಾಕ, ತಪ್ಪಾದರೆ ಏನು ಮಾಡಬೇಕು, ಎಲ್ಲ ಬರೆದಿಟ್ಟ ಪಾಠ. ಮೆಕ್ಸಿಕೊದಿಂದ ಅದನ್ನು ಕಲಿತವರಲ್ಲಿ ಗಿಲೆರ್ಮೊ ಡೆಲ್ ಟೊರೊ ಒಬ್ಬರು. ನಿರ್ದೇಶಕರಾಗುವ ಮೊದಲು ಅವರು ಮಾಡುತ್ತಿದ್ದದ್ದು ಮೇಕಪ್ ಕೆಲಸವೇ.

ಕಾಗದ ಬರೆದವರಿಗೆ ಉತ್ತರ ಬರೆಯುತ್ತಿದ್ದರು. ಮುಂದೆ ಸಿನಿಮಾ ನಿರ್ದೇಶಕರಾದ ಜೆ.ಜೆ. ಏಬ್ರಮ್ಸ್ ಹುಡುಗನಾಗಿದ್ದಾಗ ಮೆಚ್ಚಿ ಕಾಗದ ಬರೆದರೆ, ಉತ್ತರದ ಜೊತೆ ಪೆಟ್ಟಿಗೆಯಲ್ಲಿ ಬಂದದ್ದು 'ದಿ ಎಕ್ಸಾರ್ಸಿಸ್ಟ್'ಗೆ ಮಾಡಿದ್ದ ಉದ್ದನೆಯ ರಬ್ಬರ್ ನಾಲಿಗೆ. ಅದನ್ನು ನೋಡಿದ ಮನೆಯವರ ಮುಖ ಹೇಗಾಗಿರಬೇಡ!

ರಿಕ್ ಬೇಕರ್ ಅನ್ನುವ ಕ್ಯಾಲಿಫೋರ್ನಿಯಾದ ಹುಡುಗ ಹದಿಹರೆಯದಲ್ಲಿ ತಾನು ಮಾಡಿದ್ದರ ಫೋಟೊ ಕಳಿಸಿದ. ಸ್ಮಿತ್ ಲಾರ್ಚ್‌ಮಾಂಟಿನ ಮನೆಗೇ ಕರೆದರು. ಮನೆಯ ನೆಲಮಾಳಿಗೆಯೇ ಅವರ ಕಾರ್ಯಾಗಾರ. 'ದಿ ಎಕ್ಸಾರ್ಸಿಸ್ಟ್' ಕೆಲಸದಲ್ಲಿ ಬೇಕರ್ ಸಹಾಯಕ್ಕಿದ್ದರು. ಅದೇ ಬೇಕರ್ ಮುಂದೆ ಮೇಕಪ್‌ಗಾಗಿ ಏಳು ಆಸ್ಕರ್ ಗೆದ್ದರು.

ಇವೆಲ್ಲದರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಕ್ಯೋಟೊದ ಹುಡುಗನ ಕತೆ. ಕಾಜುಹಿರೊ ತ್ಸುಜಿ. ಜಪಾನಿನ ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ಪತ್ರಿಕೆಯಲ್ಲಿ, ನಟ ಹಾಲ್ ಹಾಲ್‌ಬ್ರೂಕ್ ಅವರನ್ನು ಸ್ಮಿತ್ ಅಬ್ರಹಾಂ ಲಿಂಕನ್ ಆಗಿ ಬದಲಾಯಿಸಿದ ಚಿತ್ರಗಳನ್ನು ನೋಡಿದ. ರಾಕ್ಷಸರ ಮೇಕಪ್ ನೋಡಿದಾಗ ಏನೂ ಅನ್ನಿಸದ ಹುಡುಗನಿಗೆ ಇದು ತಲೆ ಕೆಡಿಸಿತು. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಾಗಿದ್ದ! ವಿಳಾಸ ಹುಡುಕಿ ಕಾಗದ ಬರೆದ. ಉತ್ತರ ಬಂತು. ತನ್ನದೇ ಮುಖದ ಮೇಲೆ ಪ್ರಯೋಗ ಮಾಡುವುದು, ಫೋಟೊ ಕಳಿಸುವುದು, ಸಮುದ್ರದಾಚೆಯಿಂದ ತಿದ್ದುಪಡಿ ಬರುವುದು ಹೀಗೆ ಪಾಠ ನಡೆಯಿತು. ಸ್ಮಿತ್ ಒಂದು ಜಪಾನಿ ಸಿನಿಮಾದ ಕೆಲಸಕ್ಕೆಂದು ಅಲ್ಲಿಗೆ ಹೋದಾಗ ಇಬ್ಬರೂ ಎದುರುಬದುರಾದರು. 1990ರ ದಶಕದಲ್ಲಿ ತ್ಸುಜಿ ಅಮೆರಿಕಕ್ಕೆ ಹೋಗಿ ಸೇರಿದ್ದು ರಿಕ್ ಬೇಕರ್ ಅವರ ಬಳಿ. 2002ರಲ್ಲಿ ಸ್ಮಿತ್‌ಗೆ 80 ತುಂಬಿದಾಗ, ಗುರುವಿನ ತಲೆಯನ್ನೇ ನಿಜದ ಎರಡು ಪಟ್ಟು ದೊಡ್ಡದಾಗಿ, ಒಂದೊಂದು ಕೂದಲು ಸಮೇತ ಮಾಡಿ ಉಡುಗೊರೆ ಕೊಟ್ಟರು. ಆ ಕೆಲಸದ ರುಚಿ ಹತ್ತಿ 2012ರ ಹೊತ್ತಿಗೆ ಸಿನಿಮಾ ಬಿಟ್ಟು ಶಿಲ್ಪಿಯಾದರು. ನಟ ಗ್ಯಾರಿ ಓಲ್ಡ್‌ಮನ್ ಪಟ್ಟು ಹಿಡಿದು ಕರೆತಂದದ್ದರಿಂದ 'ಡಾರ್ಕೆಸ್ಟ್ ಅವರ್'ನಲ್ಲಿ ಅವರನ್ನು ಚರ್ಚಿಲ್ ಮಾಡಿಕೊಟ್ಟರು. 2018ರಲ್ಲಿ ಅದಕ್ಕೆ ಆಸ್ಕರ್ ಬಂತು. ಈಗ ಕಾಜು ಹಿರೊ ಅನ್ನುವ ಹೆಸರಿನಲ್ಲಿರುವ ಇವರಿಗೆ 2020ರಲ್ಲಿ 'ಬಾಂಬ್‌ಶೆಲ್'ಗಾಗಿ ಇನ್ನೊಂದು.

ತಡವಾಗಿ ಬಂದ ಬಹುಮಾನ

'ದಿ ಎಕ್ಸಾರ್ಸಿಸ್ಟ್'ಗೆ ಸ್ಮಿತ್‌ಗೆ ಆಸ್ಕರ್ ಬರಲಿಲ್ಲ. ಬರುವ ಹಾಗೂ ಇರಲಿಲ್ಲ, ಯಾಕೆಂದರೆ ಮೇಕಪ್‌ಗೆ ಆಗ ಕಾಯಂ ಬಹುಮಾನವೇ ಇರಲಿಲ್ಲ. ಎಲ್ಲೋ ಒಮ್ಮೊಮ್ಮೆ ಗೌರವಕ್ಕೆಂದು ಕೊಡುತ್ತಿದ್ದರು. 1980ರ 'ದಿ ಎಲಿಫೆಂಟ್ ಮ್ಯಾನ್' ಮೇಕಪ್‌ಗೂ ಏನೂ ಕೊಡದಿದ್ದಾಗ ಗದ್ದಲವೆದ್ದಿತು. ಮರುವರ್ಷ ವಿಭಾಗ ಶುರುವಾಯಿತು. ಮೊದಲ ಬಹುಮಾನ ಪಡೆದವರು ಶಿಷ್ಯ ಬೇಕರ್. ಗುರುವಿಗೆ ಬಂದದ್ದು 1985ರ ಸಮಾರಂಭದಲ್ಲಿ, 'ಅಮೇಡಿಯಸ್'ಗಾಗಿ, ಪಾಲ್ ಲೆಬ್ಲಾಂಕ್ ಜೊತೆ. ನಲವತ್ತರ ಎಫ್. ಮರ್ರಿ ಏಬ್ರಹಾಂ ಅವರನ್ನು ಮುದಿ ಸಂಗೀತಗಾರ ಸಾಲಿಯೇರಿ ಮಾಡಿದ ಕೆಲಸ ಅದು. ಏಬ್ರಹಾಂ ಅದೇ ರಾತ್ರಿ ಅತ್ಯುತ್ತಮ ನಟ. ಅಷ್ಟು ಹೊದಿಕೆಯ ಕೆಳಗಿನಿಂದ ಹೊಟ್ಟೆಕಿಚ್ಚು, ಪಶ್ಚಾತ್ತಾಪ ಎಲ್ಲ ಹೊರಗೆ ಕಾಣುವಂತೆ ಬಿಟ್ಟದ್ದರಲ್ಲಿ ಸ್ಮಿತ್ ಪಾಲು ಎಷ್ಟು ಅಂತ ನೀವೇ ಲೆಕ್ಕ ಹಾಕಿ. 2011ರ ನವೆಂಬರ್‌ನಲ್ಲಿ ಜೀವಮಾನದ ಕೆಲಸಕ್ಕೆ ಗೌರವ ಆಸ್ಕರ್ ಬಂತು. 2014ರ ಜುಲೈ 30ರಂದು, 92ನೇ ವಯಸ್ಸಿನಲ್ಲಿ ಸ್ಮಿತ್ ತೀರಿಕೊಂಡರು.

ಈಗ ಏನಾಗಿದೆ

ಸಾಮಾನು ಬದಲಾಗಿದೆ. ಫೋಮ್ ಲೇಟೆಕ್ಸ್‌ನ ದೊಡ್ಡ ಕೊರತೆ ಏನೆಂದರೆ ಬೆಳಕು ಅದರೊಳಗೆ ಇಳಿಯುವುದಿಲ್ಲ. ನಮ್ಮ ಚರ್ಮದೊಳಗೆ ಚೂರು ಇಳಿದು ಹೊರಬರುತ್ತದೆ. ಟಾರ್ಚ್ ಮೇಲೆ ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ ಈಗ ಸಿಲಿಕೋನ್ ಬಳಕೆ ಜಾಸ್ತಿ. ಅದು ಚರ್ಮದ ಹಾಗೇ ಬೆಳಕು ಒಳಬಿಡುತ್ತದೆ, ತೂಕ ಮಾತ್ರ ಹೆಚ್ಚು. ಮುಖಕ್ಕೆ ಪಾಚಿಪುಡಿ ಮೆತ್ತುವ ಬದಲು ಎಷ್ಟೋ ಕಡೆ ಸ್ಕ್ಯಾನ್ ಮಾಡುತ್ತಾರೆ. ಕಂಪ್ಯೂಟರಿನಲ್ಲೇ ವಯಸ್ಸು ಇಳಿಸುವುದೂ ಬಂದಿದೆ. ಕಳೆಯಲಾಗದು ಅಂದೆನಲ್ಲ, ಆ ಕೆಲಸ ಮಾತ್ರ ಕಂಪ್ಯೂಟರ್‌ಗೆ ಆಗುತ್ತದೆ.

ತುಂಡುಗಳ ಪದ್ಧತಿ ಹಾಗೇ ಇದೆ. ಭಾರತದಲ್ಲಿ ನಾವು ಕಂಡ ದೊಡ್ಡ ಪ್ರಾಸ್ಥೆಟಿಕ್ ಕೆಲಸಗಳಿಗೆ ಹಾಲಿವುಡ್‌ನ ಕೈ ಇತ್ತು. 1996ರ 'ಇಂಡಿಯನ್'ನಲ್ಲಿ ಕಮಲ್ ಹಾಸನ್ ಸೇನಾಪತಿ ತಾತನಾದದ್ದು ಮೈಕೆಲ್ ವೆಸ್ಟ್‌ಮೋರ್ ನೆರವಿನಿಂದ. 2009ರ 'ಪಾ'ದಲ್ಲಿ ಅಮಿತಾಭ್ ಬಚ್ಚನ್ 12 ವರ್ಷದ ಹುಡುಗನಾದಾಗ ಮೇಕಪ್ ಮಾಡಿದವರು ಕ್ರಿಸ್ಚಿಯನ್ ಟಿನ್ಸ್ಲಿ ಮತ್ತು ಡಾಮಿನಿ ಟಿಲ್. ರಾಷ್ಟ್ರಪ್ರಶಸ್ತಿಯೂ ಬಂತು. ಅದೂ ಹಲವು ತುಂಡುಗಳನ್ನು ಕೂಡಿಸಿ ಮಾಡಿದ್ದೇ. ಹಚ್ಚಲು ದಿನಕ್ಕೆ ನಾಲ್ಕು ಗಂಟೆಯಷ್ಟು ಹಿಡಿಯುತ್ತಿತ್ತಂತೆ.

ಇನ್ನು ಮುಂದೆ ಇಂಥ ಸಿನಿಮಾ ನೋಡುವಾಗ ಹಣೆಯ ಸುಕ್ಕು ನೋಡಿ ಮೆಚ್ಚಿಬಿಡಬೇಡಿ, ಹಣೆ ಸುಲಭದ ಜಾಗ. ನಟ ಮಾತಾಡುವಾಗ ಮೇಲ್ತುಟಿ ಮೂಗಿಗೆ ಸೇರುವ ಕಡೆ ನೋಡಿ. ಕೆಳರೆಪ್ಪೆಯ ಅಂಚು ನೋಡಿ. ತಲೆ ಹೊರಳಿಸಿದಾಗ ಕಿವಿಯ ಕೆಳಗೆ ಕುತ್ತಿಗೆಯ ಚರ್ಮ ಮಡಚುತ್ತದಾ ಅಥವಾ ದಪ್ಪಗೆ ಉಬ್ಬುತ್ತದಾ ನೋಡಿ. ಕೆಲಸ ಕೆಟ್ಟಿದ್ದರೆ ಮೊದಲು ಗೊತ್ತಾಗುವುದು ಈ ಮೂರು ಜಾಗದಲ್ಲೇ.